ಚೀಟಿ ಇಲ್ಲದೆ ಕೊಡುವ ಮಾತ್ರೆಗೂ ಒಂದು ಕಾನೂನು ಬೇಕು

ಪಾವಗಡವೋ ಮಧುಗಿರಿಯೋ, ಯಾವುದಾದರೂ ಮೆಡಿಕಲ್ ಶಾಪಿನ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಡಾಕ್ಟರ ಚೀಟಿ ಹಿಡಿದು ಬರುವವರು ಎಷ್ಟು ಜನ? "ಗ್ಯಾಸಿಗೆ ಕೊಡಿ", "ಮಂಡಿ ನೋವಿಗೆ ನಾಲ್ಕು ಕೊಡಿ", "ಮೊನ್ನೆ ಕೊಟ್ರಲ್ಲ, ಅದೇ ಕೊಡಿ". ವ್ಯಾಪಾರ ನಡೆಯುವುದೇ ಹೀಗೆ. ಹಾಗಾಗಿ ಚೀಟಿ ಇಲ್ಲದೆ ಔಷಧ ಮಾರಲು ಅನುಮತಿ ಕೊಟ್ಟರೆ ಜನ ಕೆಟ್ಟುಹೋಗುತ್ತಾರೆ ಎನ್ನುವವರ ಮಾತು ಕೇಳಿದರೆ ನನಗೆ ನಗು ಬರುತ್ತದೆ. ಯಾವ ಊರಿನಲ್ಲಿದ್ದೀರಿ ಸ್ವಾಮಿ?

1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಅಂತ ಒಂದು ಪಟ್ಟಿ ಇದೆ. ಅದರಲ್ಲಿರುವುದನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಗ್ಯಾಸಿಗೆ ನುಂಗುವ ಪ್ಯಾಂಟೊಪ್ರಜೋಲ್, ನೋವಿನ ಡೈಕ್ಲೊಫೆನಾಕ್, ಆಂಟಿಬಯೋಟಿಕ್ ಆದ ಅಮಾಕ್ಸಿಸಿಲಿನ್, ಎಲ್ಲವೂ ಒಂದೇ ಪಟ್ಟಿಯಲ್ಲಿ. ಆದರೆ ಮೂರರ ಅಪಾಯ ಒಂದೇ ಅಲ್ಲ, ಅಲ್ವಾ? ಪ್ಯಾಂಟೊಪ್ರಜೋಲ್‌ನ ಅಣ್ಣ ಒಮೆಪ್ರಜೋಲನ್ನು ಅಮೆರಿಕ 2003ರಲ್ಲಿ, ಬ್ರಿಟನ್ 2004ರಲ್ಲಿ ಚೀಟಿಯಿಂದ ಬಿಡುಗಡೆ ಮಾಡಿದವು. ನಮ್ಮಲ್ಲಿ 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 16 ಔಷಧಗಳನ್ನು ಚೀಟಿ ಇಲ್ಲದೆ ಮಾರಲು ಬಿಡುವ ಒಂದು ಕರಡು ನಿಯಮ ತಂದಿತು. ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಮುಲಾಮು, ಹುಳುಕಡ್ಡಿಗೆ ಹಚ್ಚುವ ಕ್ಲೋಟ್ರಿಮಜೋಲ್, ಇಂಥವು. 5 ದಿನಕ್ಕಿಂತ ಜಾಸ್ತಿ ಕೊಡಬಾರದು, ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು ಅನ್ನುವ ಷರತ್ತೂ ಇತ್ತು. ಒಳ್ಳೆಯ ಯೋಚನೆ. ಹಳ್ಳಿಯಿಂದ ಬಸ್ ಹತ್ತಿ, ಒಂದು ದಿನದ ಕೂಲಿ ಬಿಟ್ಟು, ಫೀಸು ಕೊಟ್ಟು ನೆಗಡಿಗೆ ಚೀಟಿ ಬರೆಸಿಕೊಳ್ಳಲು ಯಾರಿಗೆ ಆಗುತ್ತದೆ?

ಆದರೆ ಸಡಿಲ ಮಾಡುವುದು ಅರ್ಧ ಕೆಲಸ ಅಷ್ಟೇ. ಉಳಿದವನ್ನು ನಿಜವಾಗಿಯೂ ಬಿಗಿ ಮಾಡಬೇಕು. ನನಗೆ ಭಯ ಇರುವುದು ನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್ ಕ್ರೀಮಿನ ಮೇಲೆ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಅದನ್ನೇ ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಅವರಿಗೆ ನೋವು 5 ದಿನದ್ದಲ್ಲ, ಬದುಕಿನಷ್ಟೇ ಉದ್ದ. ದಿನಾ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೂ ಪೆಟ್ಟು. ಮುಲಾಮು ಧಾರಾಳವಾಗಿ ಕೊಡಿ, ಮಾತ್ರೆ ಬೇಡ. ಇನ್ನು ಕ್ರೀಮು. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆಸಿದ್ದು ಹಚ್ಚಿದರೆ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಆಮೇಲೆ ಸೊಂಟದ ಸುತ್ತ ಹರಡುತ್ತದೆ. ಬೆಳ್ಳಗಾಗಲು ಅದನ್ನೇ ಮುಖಕ್ಕೆ ಹಚ್ಚುವ ಹುಡುಗಿಯರೂ ಇದ್ದಾರೆ. 2018ರಲ್ಲಿ ಇಂಥ ಕ್ರೀಮುಗಳನ್ನೂ ಶೆಡ್ಯೂಲ್ ಎಚ್‌ಗೆ ಸೇರಿಸಿದರು. ಅಂಗಡಿಯಲ್ಲಿ ಏನು ಬದಲಾಯಿತು? ಏನೂ ಇಲ್ಲ.

ಆಂಟಿಬಯೋಟಿಕ್‌ದೂ ಇದೇ ಕಥೆ. 2014ರಿಂದ ಶೆಡ್ಯೂಲ್ ಎಚ್1 ಅನ್ನುವ ಇನ್ನೂ ಬಿಗಿಯಾದ ಪಟ್ಟಿ ಜಾರಿಯಲ್ಲಿದೆ. ಸೆಫಿಕ್ಸಿಮ್ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಪುಸ್ತಕವನ್ನು 3 ವರ್ಷ ಇಡಬೇಕು. ಆ ಪುಸ್ತಕ ತೆರೆದು ನೋಡುವವರು ಬೇಕಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ. ಎಕ್ಸ್‌ಪೈರಿ ತಾರೀಕು ಅಂಗಡಿಯಲ್ಲೇ ಉಳಿಯುತ್ತದೆ. ಪೂರ್ತಿ ಸ್ಟ್ರಿಪ್ ಕೊಟ್ಟರೂ ಇರುವುದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಬ್ರಿಟನ್ನಿನಲ್ಲಿ 1998ರಿಂದ ಸಾಮಾನ್ಯ ಅಂಗಡಿಗಳಲ್ಲಿ ಪ್ಯಾರಾಸಿಟಮಾಲ್ ಪ್ಯಾಕಿನಲ್ಲಿ 16 ಮಾತ್ರೆಗಿಂತ ಜಾಸ್ತಿ ಇರುವ ಹಾಗಿಲ್ಲ. ಚೀಟಿ ಬೇಡ ಅನ್ನುವ ಔಷಧಕ್ಕೆ ನಮ್ಮಲ್ಲೂ ಅಂಥ ಚಿಕ್ಕ ಪ್ಯಾಕ್ ಕಡ್ಡಾಯ ಮಾಡಲಿ. ದಿನಕ್ಕೆ ಎಷ್ಟು, ಎಷ್ಟು ದಿನ, ಯಾರು ತಗೊಳ್ಳಬಾರದು ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಅದರ ಮೇಲೇ ಇರಲಿ.