ಹಾಕುವ ಮೊದಲು ಪ್ರೊಸೆಸರ್ ನೋಡಿ

ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್. ಆದರೆ ‘ಎಷ್ಟೇ ಹಳೇ ಲ್ಯಾಪ್‌ಟಾಪ್ ಆಗಲಿ, ಲುಬುಂಟು ಹಾಕಿದರೆ ಸಾಕು’ ಅಂದಿದ್ದೀರಲ್ಲ, ಅದೊಂದಕ್ಕೆ ನನ್ನ ತಕರಾರು. ತೀರಾ ಹಳೆಯ 32 ಬಿಟ್ ಪ್ರೊಸೆಸರ್‌ಗೆ ಲುಬುಂಟು ಎಂಬ ಈ ಹಗುರ ಲಿನಕ್ಸ್ ಈಗ ಬರುವುದಿಲ್ಲ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿತು. ಇಂಟೆಲ್‌ನ 32 ಬಿಟ್ ಆಟಮ್ ಪ್ರೊಸೆಸರ್ ಇರುವ ಹಳೇ ನೆಟ್‌ಬುಕ್ (ಪುಟ್ಟ ಲ್ಯಾಪ್‌ಟಾಪ್) ಇರುವವರು, 32 ಬಿಟ್‌ಗೂ ಸಿಗುವ ಹಗುರ ಲಿನಕ್ಸ್ ಆಂಟಿಎಕ್ಸ್ 23 ನೋಡುವುದು ವಾಸಿ. 64 ಬಿಟ್, 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತದೆ.

ಡಿಸ್ಕ್ ಅಳಿಸುವ ಮೊದಲು ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಿ ವೈಫೈ ಸಿಗುತ್ತದಾ ನೋಡಿ. ಬ್ರಾಡ್‌ಕಾಮ್ ಕಂಪನಿಯ ಕೆಲವು ವೈಫೈ ಚಿಪ್‌ಗಳಿಗೆ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಬೇರೆ ಇಳಿಸಿಕೊಳ್ಳಬೇಕು. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು! ಆಗ ಮೊಬೈಲನ್ನು ಡೇಟಾ ಕೇಬಲ್‌ನಿಂದ ಜೋಡಿಸಿ ಮೊಬೈಲ್ ನೆಟ್ ಲ್ಯಾಪ್‌ಟಾಪ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಏನೂ ಹಾಕದೆ ನೆಟ್ ಬರುತ್ತದೆ.

ಮತ್ತೆ, ಹಗುರ ಸಿಸ್ಟಂ ಹಾಕಿದ ಮಾತ್ರಕ್ಕೆ ಬ್ರೌಸರ್ ಹಗುರ ಆಗುವುದಿಲ್ಲ. 2 ಜಿಬಿ ರ‍್ಯಾಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಯಾವ ಲಿನಕ್ಸ್ ಆದರೂ ಏದುಸಿರು ಬಿಡುತ್ತದೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ, ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಅನ್ನುವ ಜಗಳಕ್ಕಿಂತ ಅದರಿಂದ ಲಾಭ ಜಾಸ್ತಿ.

ಕನ್ನಡ ಟೈಪಿಂಗ್ ಬಗ್ಗೆ ನೀವು ಬರೆದೇ ಇಲ್ಲವಲ್ಲ! ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬಳಸುವ ಐಬಸ್ ತಂತ್ರಾಂಶದ ಜೊತೆ, ಕೀಲಿಮಣೆ ವಿನ್ಯಾಸಗಳಿರುವ ಎಮ್17ಎನ್ ಪ್ಯಾಕೇಜ್ ಹಾಕಿದರೆ ನುಡಿ ತಂತ್ರಾಂಶದಲ್ಲಿರುವ ಕಗಪ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವ ಕೆಲಸವೇ ಇಲ್ಲ.