ಅಟ್ಟ ಕ್ಲೀನ್ ಮಾಡೋದು ಯಾವಾಗ?

ನಮ್ಮಲ್ಲಿ ತಾರೀಕು ಶುರುವಾಗುವುದೇ ದಿನದಿಂದ. ಮದುವೆ ಕರೆಯೋಲೆ ಇರಲಿ, ಬ್ಯಾಂಕಿನ ಚಲನ್ ಇರಲಿ, ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಆದರೆ ಮಾಡಬೇಕಾದ ಕೆಲಸಗಳನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಹೀಗೇ ಬರೆದು ‘ಸಾರ್ಟ್’ ಒತ್ತಿ ನೋಡಿ.

01-12-2025 ಇನ್ಶೂರೆನ್ಸ್ ಕಂತು
30-01-2025 ಗ್ಯಾಸ್ ಬುಕ್ ಮಾಡು

ಡಿಸೆಂಬರಿನ ಕಂತು ಕಟ್ಟಿದ ಮೇಲೆ ಜನವರಿಯ ಸಿಲಿಂಡರ್! ಸಾರ್ಟ್ ಮಾಡುವಾಗ ಕಂಪ್ಯೂಟರ್ ಕ್ಯಾಲೆಂಡರ್ ನೋಡುವುದಿಲ್ಲ. ಎಡಗಡೆಯಿಂದ ಒಂದೊಂದೇ ಅಕ್ಷರ ಹೋಲಿಸುತ್ತಾ ಹೋಗುತ್ತದೆ, ಅಷ್ಟೆ. ಹಾಗಾಗಿ ವರ್ಷ ಮುಂದೆ ಬರಬೇಕು: 2025-01-30. 1988ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಹೇಳುವ ಕ್ರಮವೂ ಇದೇ. ಸೊನ್ನೆಯಲ್ಲಿ ಜುಗ್ಗತನ ಮಾಡಬಾರದು. ಫೆಬ್ರವರಿಗೆ ಬರೀ 2 ಅಂತ ಬರೆದರೆ ಅಕ್ಟೋಬರ್ ಬಂದು ಅದರ ಮುಂದೆ ಕೂರುತ್ತದೆ. ಕನ್ನಡ ಅಂಕಿಯಲ್ಲಿ ೨೦೨೫-೦೧-೩೦ ಅಂತ ಬರೆದರೂ ನಡೆಯುತ್ತದೆ, ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅವೂ ಸಾಲಾಗಿಯೇ ಇವೆ. ಎರಡನ್ನೂ ಬೆರೆಸದಿದ್ದರೆ ಸರಿ.

ಈಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್ ಬಳಸುವವರಿಗೆ ಇನ್ನೊಂದು ದಾರಿ ಇದೆ, ಅದರೊಳಗೇ ಕೆಲಸಗಳ ಪಟ್ಟಿ ಇಡುವ ಆರ್ಗ್ ಮೋಡ್. ಆಮ್‌ಸ್ಟರ್‌ಡ್ಯಾಮಿನ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಶುರು ಮಾಡಿದ್ದು. ನಕ್ಷತ್ರ ನೋಡುವವರಿಗೂ ಮನೆ ಕೆಲಸ ತಪ್ಪಿದ್ದಲ್ಲ, ಅಲ್ವಾ? ಇದಕ್ಕೆ ತಾರೀಕು ನಿಜವಾಗಿಯೂ ಅರ್ಥವಾಗುತ್ತದೆ. ಕಂಟ್ರೋಲ್-ಸಿ ಒತ್ತಿ, ಆಮೇಲೆ ^ ಒತ್ತಿದರೆ ಯಾವ ಪ್ರಕಾರ ಜೋಡಿಸಲಿ ಅಂತ ಕೇಳುತ್ತದೆ. ‘ಡಿ’ ಅಂದರೆ ಡೆಡ್‌ಲೈನ್, ‘ಎಸ್’ ಅಂದರೆ ಕೈ ಹಚ್ಚಬೇಕಾದ ದಿನ. ಒತ್ತಿದ ತಕ್ಷಣ ಹಳೇ ಬಾಕಿಯೆಲ್ಲ ಮೇಲೆದ್ದು ಬರುತ್ತದೆ. ಅದು ನಿರೀಕ್ಷಿಸಿದ್ದೇ.

ತಮಾಷೆ ಇರುವುದು ತಾರೀಕೇ ಇಲ್ಲದ ಕೆಲಸಗಳಲ್ಲಿ. ‘ಅಟ್ಟ ಕ್ಲೀನ್ ಮಾಡು’ ಅಂತ ಬರೆದು ತಾರೀಕು ಹಾಕದೆ ಬಿಡುತ್ತೇವೆ. ಹಳ್ಳಿ ಮನೆಗಳ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ದಿನಾ ವಾಪಸ್ ಕಳಿಸುತ್ತಿದ್ದರಲ್ಲ, ಆ ಥರ. ಆರ್ಗ್ ಮೋಡ್ ಈ ಆಟಕ್ಕೆ ಬಗ್ಗುವುದಿಲ್ಲ. ತಾರೀಕು ಕಾಣದಿದ್ದರೆ ‘ಈಗ’ ಅಂತಲೇ ಲೆಕ್ಕ ಹಿಡಿಯುತ್ತದೆ. ಅಟ್ಟ ಸೀದಾ ನಿನ್ನೆಯ ಬಾಕಿಯ ಕೆಳಗೆ, ನಾಳೆಯ ಕೆಲಸದ ಮೇಲೆ ಬಂದು ನಿಲ್ಲುತ್ತದೆ. ನಾಳೆ ಸಾರ್ಟ್ ಮಾಡಿದರೂ ಅಷ್ಟೆ, ಬರುವ ಯುಗಾದಿಗೆ ಮಾಡಿದರೂ ಅಷ್ಟೆ.

ಇದಕ್ಕೂ ಉಪಾಯ ಇದೆ. 2099-12-31 ಅಂತ ಡೆಡ್‌ಲೈನ್ ಹಾಕಿಬಿಟ್ಟರೆ ಅಟ್ಟ ತೆಪ್ಪಗೆ ಪಟ್ಟಿಯ ತಳಕ್ಕೆ ಇಳಿಯುತ್ತದೆ. ಮನೆಯವರು ಯಾವಾಗ ಅಂತ ಕೇಳಿದರೆ, ತಾರೀಕು ಫಿಕ್ಸ್ ಆಗಿದೆ ಅಂತ ತೋರಿಸಲೂಬಹುದು.