ಟೂ-ಟಿ ಆಯಿಲ್ ಡಬ್ಬಿಯನ್ನು ತಿರುಗಿಸಿ ನೋಡಿ

ಕಾಫಿ ಕೊಯ್ಲು ಮುಗಿದು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾಯಿತೆಂದರೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಗಳ ಖಾಯಂ: ಮರ ಕೊಯ್ಯುವ ಚೈನ್‌ಸಾಗೆ ಯಾವ ಟೂ-ಟಿ ಆಯಿಲ್, ಅಂದರೆ ಟೂ-ಸ್ಟ್ರೋಕ್ ಇಂಜಿನ್ನಿನ ಪೆಟ್ರೋಲಿಗೆ ಬೆರೆಸುವ ಆಯಿಲ್, ಹಾಕಬೇಕು? ಮಷಿನ್ ಕಂಪನಿಯದೇ ಆಯಿಲ್ ಆಗಬೇಕು, ಬೇರೆ ಮುಟ್ಟಲೇಬಾರದು ಎಂದು ಒಬ್ಬರು. ‘ಬಂಕಿನ ಪ್ಯಾಕೆಟ್ ಸಾಕು ಮಾರಾಯ್ರೆ, ನಮ್ಮಪ್ಪ ಯೆಜ್ದಿ ಬೈಕಿಗೆ ಅದನ್ನೇ ಹಾಕ್ತಿದ್ರು’ ಎಂದು ಇನ್ನೊಬ್ಬರು. ಕೆಂಪಿಗಿಂತ ನೀಲಿ ಆಯಿಲ್ ಮೇಲು ಎಂದು ಮೂರನೆಯವರು. ಸಂಜೆಯೊಳಗೆ ಯಾರಾದರೊಬ್ಬರು ಗುಂಪು ಬಿಟ್ಟು ಹೋಗಿರುತ್ತಾರೆ.

ಮೂವರೂ ಡಬ್ಬಿಯ ಮುಂಭಾಗ ನೋಡಿ ಮಾತಾಡುತ್ತಿದ್ದಾರೆ ಅನ್ನುವುದು ನನ್ನ ತಕರಾರು. ಬೇಕಾದದ್ದು ಇರುವುದು ಹಿಂದೆ, ಸಣ್ಣ ಅಕ್ಷರದಲ್ಲಿ.

ಬಣ್ಣದ ಕಥೆ ಮೊದಲು ಮುಗಿಸಿಬಿಡೋಣ. ಅದು ಬರೀ ಬಣ್ಣ. ಯಾವ ಕ್ಯಾನಿನಲ್ಲಿ ಆಯಿಲ್ ಬೆರೆಸಿದ್ದಾಗಿದೆ, ಯಾವುದರಲ್ಲಿ ಬರೀ ಪೆಟ್ರೋಲ್ ಇದೆ ಎಂದು ಕಣ್ಣಿಗೆ ತಿಳಿಯಲಿ ಅಂತ ಹಾಕುವುದು. ಆ ಉಪಯೋಗವೇನೂ ಸಣ್ಣದಲ್ಲ. ಚೈನ್‌ಸಾ ಇಂಜಿನ್ನಿಗೆ ಬೈಕಿನ ಹಾಗೆ ಕೆಳಗೆ ಆಯಿಲ್ ಚೇಂಬರ್ ಇಲ್ಲ. ಪಿಸ್ಟನ್, ಸಿಲಿಂಡರ್, ಕ್ರ್ಯಾಂಕಿನ ಬೇರಿಂಗ್ ಎಲ್ಲಕ್ಕೂ ಜಿಡ್ಡು ಸಿಗಬೇಕಾದ್ದು ಪೆಟ್ರೋಲಿನ ಜೊತೆ ಒಳಗೆ ಹೋಗುವ ಆ ಚೂರು ಆಯಿಲ್‌ನಿಂದಲೇ. ಬೆರೆಸದ ಪೆಟ್ರೋಲ್ ತುಂಬಿ ಮರಕ್ಕೆ ಹಚ್ಚಿದರೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು ಬಿದ್ದು ಇಂಜಿನ್ ಸೀಜ್ ಆಗಲು ಬಹಳ ಹೊತ್ತು ಬೇಡ.

ಯೆಜ್ದಿ ವಾದಕ್ಕೆ ಬರೋಣ. ಮೈಸೂರಿನಲ್ಲೇ ತಯಾರಾಗುತ್ತಿದ್ದ ಆ ಗಾಡಿಯ ಮೇಲೆ ನನಗೂ ಪ್ರೀತಿಯಿದೆ, ಆದರೆ ಹೋಲಿಕೆ ಸರಿಯಲ್ಲ. ಆ ಕಾಲದ ಟೂ-ಸ್ಟ್ರೋಕ್ ಬೈಕುಗಳಲ್ಲಿ ಚುರುಕಿನದು ಎನಿಸಿಕೊಂಡ ಆರ್‌ಎಕ್ಸ್ 100 ಕೂಡ ಪೂರ್ಣ ಶಕ್ತಿ ಕೊಡುತ್ತಿದ್ದದ್ದು ನಿಮಿಷಕ್ಕೆ 7,500 ಸುತ್ತಿನಲ್ಲಿ, ಅಂದರೆ 7,500 ಆರ್‌ಪಿಎಂನಲ್ಲಿ. ಈಗಿನ ಚೈನ್‌ಸಾ ಲೋಡ್ ಇಲ್ಲದಿದ್ದಾಗ 12,000–13,000ಕ್ಕೆ ಏರುತ್ತದೆ. ಬೈಕಿಗೆ ದಾರಿಯುದ್ದಕ್ಕೂ ಎದುರುಗಾಳಿ. ಇದಕ್ಕೆ ಫ್ಲೈವೀಲಿನ ರೆಕ್ಕೆ ಬೀಸಿದಷ್ಟೇ ಗಾಳಿ, ಅದಕ್ಕೂ ಮರದ ಹೊಟ್ಟು ಅಡ್ಡ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಫುಲ್ ಆಕ್ಸಿಲರೇಟರ್ ಒತ್ತಿ ಸಿಲ್ವರ್ ಓಕ್ ಕೊಯ್ಯುವಾಗ ಒಳಗಿನ ಬಿಸಿ ಎಷ್ಟಿರಬೇಡ!

ಹಿಂಭಾಗದಲ್ಲಿ ಹುಡುಕಬೇಕಾದ್ದು ಜಾಸೋ ಎಂಬ ಜಪಾನಿ ಗುಣಮಟ್ಟದ ಗುರುತು. ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂದು ಮೇಲೇರುತ್ತ ಹೋಗುತ್ತದೆ. ಎಫ್‌ಬಿಗಿಂತ ಎಫ್‌ಸಿಯಲ್ಲಿ ಹೊಗೆ ಕಡಿಮೆ, ಸೈಲೆನ್ಸರ್ ಕಟ್ಟಿಕೊಳ್ಳುವುದೂ ಕಡಿಮೆ. ಎಫ್‌ಡಿ ಹೊಗೆಯಲ್ಲಿ ಎಫ್‌ಸಿಯಷ್ಟೇ, ಆದರೆ ಹೆಚ್ಚು ಬಿಸಿಯಲ್ಲೂ ರಿಂಗು, ಪಿಸ್ಟನ್ನಿಗೆ ಕರಿ ಹಿಡಿಯದಂತೆ ಇಡುತ್ತದೆ. ಎಫ್‌ಡಿ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ಇಲ್ಲದಿದ್ದರೆ ಎಫ್‌ಸಿ. ಬಂಕಿನ ಆಯಿಲ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಅದರ ಮೇಲೂ ಎಫ್‌ಸಿ ಎಂದಿದ್ದರೆ ಧಾರಾಳವಾಗಿ ಬಳಸಿ. ಏನೂ ಬರೆದಿಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಕರಾವಳಿ ಕಡೆ ಸಿಗುವ ದೋಣಿ ಇಂಜಿನ್ನಿನ ಆಯಿಲ್, ಟಿಸಿ-ಡಬ್ಲ್ಯೂ3 ಎಂದು ಬರೆದಿರುವುದು, ಎಷ್ಟೇ ದುಬಾರಿಯಾದರೂ ನಮಗೆ ಬೇಡ. ಅದು ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು, ಗಾಳಿಯಿಂದ ತಣ್ಣಗಾಗುವ ನಮ್ಮ ಮಷಿನ್ನಿನ ಬಿಸಿಗಲ್ಲ. ಟ್ರ್ಯಾಕ್ಟರಿಗೆ ತಂದ 20ಡಬ್ಲ್ಯೂ40 ಇಂಜಿನ್ ಆಯಿಲ್ ಸುರಿಯುವವರೂ ಇದ್ದಾರೆ. ಅದು ಪೆಟ್ರೋಲಿನಲ್ಲಿ ಸಲೀಸಾಗಿ ಬೆರೆಯುವುದಿಲ್ಲ, ಉರಿದ ಮೇಲೆ ಬೂದಿ ಬಿಡುತ್ತದೆ, ಪ್ಲಗ್ ಪದೇ ಪದೇ ಹೋಗುತ್ತದೆ.

ದುಡ್ಡಿನ ಮಾತು. 50ಕ್ಕೆ 1 ಅಳತೆಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್ ಬೇಕು. ಲೀಟರಿಗೆ 500 ರೂಪಾಯಿಯ ಆಯಿಲ್ ಆದರೆ 10 ರೂಪಾಯಿ, 1,000ದ್ದಾದರೆ 20 ರೂಪಾಯಿ. ವ್ಯತ್ಯಾಸ ಹತ್ತು ರೂಪಾಯಿ! ನೂರು ದಾಟಿದ ಪೆಟ್ರೋಲ್ ಹಾಕುವಾಗ ಬಾಯಿ ಬಿಡದವರು ಈ ಹತ್ತು ರೂಪಾಯಿಗೆ ಲೆಕ್ಕ ಹಾಕುತ್ತಾ ಕೂರುತ್ತಾರೆ. ಬೋರ್ ಕಿಟ್ (ಸಿಲಿಂಡರ್, ಪಿಸ್ಟನ್ ಸೆಟ್) ಬದಲಾಯಿಸಿದ ಬಿಲ್ ಒಮ್ಮೆ ನೋಡಿದವರು ಹಾಗೆ ಕೂರುವುದಿಲ್ಲ.

ಆಯಿಲ್ ಆರಿಸುವುದರಲ್ಲಿ ಇಷ್ಟು ತಲೆ ಕೆಡಿಸಿಕೊಂಡು, ಅಳೆಯುವಾಗ ಮಾತ್ರ ‘ಎರಡು ಮುಚ್ಚಳ ಹಾಕಪ್ಪ’ ಅಂದರೆ ಮುಗಿಯಿತು ಕಥೆ. ಯಾವ ಡಬ್ಬಿಯ ಮುಚ್ಚಳ? ಮೆಡಿಕಲ್ ಶಾಪಿನಲ್ಲಿ 20 ಎಂಎಲ್ ಸಿರಿಂಜ್ ಸಿಗುತ್ತದೆ, ಒಂದು ತಂದು ಕ್ಯಾನಿಗೆ ಕಟ್ಟಿಡಿ. ಅಳತೆ ನಿಮ್ಮ ಮಷಿನ್ನಿನ ಪುಸ್ತಕದಲ್ಲಿ ಇದ್ದಂತೆ. ತನ್ನದೇ ಆಯಿಲ್ ಆದರೆ 50ಕ್ಕೆ 1, ಬೇರೆಯವರದ್ದಾದರೆ 33ಕ್ಕೆ 1 ಎನ್ನುವ ಕಂಪನಿ ಇದೆ. ಅಗ್ಗದ ಚೀನಾ ಮಷಿನ್ನುಗಳ ಮೇಲೆ 25ಕ್ಕೆ 1 ಎಂಬ ಸ್ಟಿಕ್ಕರೂ ಇರುತ್ತದೆ, ಅಂದರೆ ಲೀಟರಿಗೆ 40 ಎಂಎಲ್. ಪುಣ್ಯಕ್ಕಿರಲಿ ಎಂದು ಅದಕ್ಕೂ ಮೇಲೆ ಸುರಿದರೆ ಇಂಜಿನ್ನಿಗೇನೂ ಆಯುಷ್ಯ ಹೆಚ್ಚುವುದಿಲ್ಲ. ಸೈಲೆನ್ಸರಿನ ಜಾಲರಿಗೆ ಕರಿ ಕಟ್ಟಿ, ಮಷಿನ್ ಎಳೆಯುವುದನ್ನೇ ಬಿಡುತ್ತದೆ. ಬೆರೆಸುವಾಗ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಚೆನ್ನಾಗಿ ಕುಲುಕಿ ಉಳಿದ ಪೆಟ್ರೋಲ್.

ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರಿನ ಪಸೆ ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ಪಸೆಗೇನು ಬರ! ಮೇ ತಿಂಗಳಲ್ಲಿ ಬೆರೆಸಿದ್ದನ್ನು ಗೌರಿ ಹಬ್ಬದ ಹೊತ್ತಿಗೆ ತುಂಬಬೇಡಿ. ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಬೆರೆಸಿಕೊಳ್ಳಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿ ಇಡಿ.

ನಮ್ಮ ಗುಂಪುಗಳಲ್ಲಿ ಯಾರೂ ಎತ್ತದ ಮಾತು ಇನ್ನೊಂದಿದೆ. ಇಂಜಿನ್ ಸೀಜ್ ಆದರೆ ನಷ್ಟ ನಮ್ಮದು, ಸರಿ. ಹೊಗೆ ಯಾರದ್ದು? ಮರದ ಮೇಲೆ ಹಗ್ಗ ಕಟ್ಟಿಕೊಂಡು ನಿಂತವನ ಮುಖಕ್ಕೂ ಸೈಲೆನ್ಸರಿಗೂ ಎಷ್ಟು ಅಂತರ ಇರುತ್ತದೆ ಎಂದು ಒಮ್ಮೆ ತಲೆಯೆತ್ತಿ ನೋಡಿ. ಅಗ್ಗದ ಆಯಿಲ್‌ನ ನೀಲಿ ಹೊಗೆ ಇಡೀ ದಿನ ಅವನ ಮೂಗಿಗೆ. ಸಾಯಂಕಾಲ ತಲೆನೋವು, ಕಣ್ಣುರಿ ಎಂದರೆ ‘ಬಿಸಿಲಿಗೆ ಕಣೋ’ ಅಂತೇವೆ. ಮಷಿನ್ ಸಮೇತ ಬರುವ ಕಾಂಟ್ರಾಕ್ಟಿನವರು ಆಯಿಲ್ ಖರ್ಚನ್ನು ಕೂಲಿಯಲ್ಲೇ ಸೇರಿಸಿ ಮಾತಾಡಿರುತ್ತಾರೆ. ಉಳಿದಷ್ಟು ಅವರಿಗೆ, ಹಾಗಾಗಿ ಅತ್ಯಂತ ಅಗ್ಗದ್ದು ಬರುತ್ತದೆ. ಅವರನ್ನು ಬಯ್ದು ಪ್ರಯೋಜನವಿಲ್ಲ, ದರ ಹಿಂಡಿದವರು ನಾವು. ನಮ್ಮ ತೋಟದಲ್ಲಿ ಈಗ ಕೂಲಿ ಬೇರೆ, ಆಯಿಲ್ ಬೇರೆ. ಆಯಿಲ್ ನಾವೇ ತಂದುಕೊಡುತ್ತೇವೆ. ಹೊಗೆ ಪೂರ್ತಿ ಹೋಗಿಲ್ಲ, ಟೂ-ಸ್ಟ್ರೋಕ್ ಅಂದಮೇಲೆ ಹೋಗುವುದೂ ಇಲ್ಲ. ಆದರೂ ಮೇಲಿಂದ ಇಳಿದವರು ‘ಇದು ಪರವಾಗಿಲ್ಲ ಅಣ್ಣ’ ಅಂತಾರೆ.

ಚೈನಿಗೆ ಬಿಡುವ ಆಯಿಲ್ ಬೇರೆ, ಅದರ ಟ್ಯಾಂಕೂ ಬೇರೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಜೀಪಿನಿಂದ ಇಳಿಸಿದ ಕರಿ ಆಯಿಲ್ ಸುರಿಯುವ ಅಭ್ಯಾಸ ಮಾತ್ರ ದಯವಿಟ್ಟು ಬಿಡಿ. ಅದರೊಳಗಿನ ಲೋಹದ ಪುಡಿ ಚೈನ್ ಓಡುವ ಬಾರ್ ತಿನ್ನುತ್ತದೆ, ಆಯಿಲ್ ಪಂಪ್ ತಿನ್ನುತ್ತದೆ. ಚೈನಿನಿಂದ ಸಿಡಿದದ್ದು ಕೊಯ್ಯುವವನ ಕೈಗೆ, ಬಟ್ಟೆಗೆ, ಕಾಫಿ ಗಿಡಕ್ಕೆ. ಸುಟ್ಟ ಇಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಬಾರ್ ಆಯಿಲ್ ನಿಮ್ಮೂರಲ್ಲಿ ಸಿಗದಿದ್ದರೆ ಟ್ರ್ಯಾಕ್ಟರಿನ ಆ ಹೊಸ 20ಡಬ್ಲ್ಯೂ40 ಇಲ್ಲಿಗೆ ಹಾಕಿ. ಅಂಟು ಕಡಿಮೆ, ಸ್ವಲ್ಪ ಬೇಗ ಖರ್ಚಾಗುತ್ತದೆ, ಅಷ್ಟೇ.